ಹೊಸ ಬಿಷಪ್ ಬರುತ್ತಿದ್ದಾರೆ: ನಿಮ್ಮ ಪ್ರಶ್ನೆ, ಅಯ್ಯನವರ ಉತ್ತರ

ಈ ತಿಂಗಳ ಕಾಗದಗಳ ಕಟ್ಟು ಬಿಚ್ಚಿದರೆ ಒಂದೇ ವಿಷಯದ ಬಗ್ಗೆ ಆರು ಪ್ರಶ್ನೆ. ಹೊಸ ಬಿಷಪ್, ಅಂದರೆ ಹಲವು ಊರುಗಳ ಸಭೆಗಳು ಸೇರಿದ ಡಯಾಸಿಸ್ ಎಂಬ ಪ್ರಾಂತ್ಯದ ಹಿರಿಯ ಮೇಲ್ವಿಚಾರಕರು. ಅದಕ್ಕೇ ಉಳಿದ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಹೊಸ ಓದುಗರಿಗೆ ಒಂದು ಮಾತು. ನಾನು ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆ ಎಂಬ ಕ್ರೈಸ್ತ ಸಭೆಯಲ್ಲಿ 36 ವರ್ಷ ಸಭಾಪಾಲಕನಾಗಿದ್ದೆ. ಸಭಾಪಾಲಕರನ್ನೇ ನಮ್ಮ ಜನ ಅಯ್ಯನವರು ಎನ್ನುತ್ತಾರೆ. ಏಳು ಊರು ಸುತ್ತಿದೆ. 2020ರಲ್ಲಿ ನಿವೃತ್ತನಾದೆ. ಈಗ ಮಗಳ ಮನೆಯಲ್ಲಿದ್ದೇನೆ.

ಪ್ರಶ್ನೆ: ಬಲ್ಮಠದ ಥಿಯಾಲಾಜಿಕಲ್ ಕಾಲೇಜಿನಲ್ಲಿ ಓದಿ ಬಂದವನು ನಾನು. ಮೂರು ವರ್ಷದಿಂದ ಒಂದು ಹಳ್ಳಿ ಸಭೆಯಲ್ಲಿದ್ದೇನೆ. ನಮ್ಮ ಡಯಾಸಿಸ್‌ಗೆ ಹೊಸ ಬಿಷಪ್ ಬರುತ್ತಿದ್ದಾರೆ. ಮುಂದಿನ ತಿಂಗಳು ಎಲ್ಲ ಅಯ್ಯನವರ ಜೊತೆ ಅವರ ಮೊದಲ ಕೂಟ. ಹಿರಿಯರು ‘ಹಾರ ಹಾಕು, ಕೈ ಮುಗಿ, ಬಾಯಿ ಮುಚ್ಚಿಕೊಂಡಿರು’ ಎನ್ನುತ್ತಾರೆ. ನನಗೆ ಹೇಳಬೇಕಾದ್ದು ತುಂಬಾ ಇದೆ. ಏನು ಮಾಡಲಿ?
— ಹೆಸರು ಬೇಡ ಎಂದಿರುವ ಯುವ ಸಭಾಪಾಲಕರು

ಉತ್ತರ: ತಮ್ಮಾ, ಕೈ ಮುಗಿ. ಹಾರ ಹಾಕುವುದಿದ್ದರೆ ಹಾಕು. ಬಾಯಿ ಮಾತ್ರ ಮುಚ್ಚಿಕೊಳ್ಳಬೇಡ.

1986ರ ಮಳೆಗಾಲದ ಒಂದು ಸಂಜೆಯ ಕಥೆ ಹೇಳುತ್ತೇನೆ. ಆಗ ನಾನು ಕಾಡಂಚಿನ ಒಂದು ಹಳ್ಳಿಯಲ್ಲಿದ್ದೆ. 43 ಮನೆಯ ಸಭೆ. ಅಯ್ಯನವರ ಮನೆ ಅಂದರೆ ಎರಡು ಕೋಣೆ, ಮೇಲೆ ನಾಡಹೆಂಚು. ಹೊಸ ಬಿಷಪ್ ಬಂದು ಎರಡು ತಿಂಗಳಾಗಿತ್ತು. ನಾನು ಅವರನ್ನು ದೂರದಿಂದ ಒಮ್ಮೆ ನೋಡಿದ್ದೆ, ಅಷ್ಟೆ. ಕೊನೆಯ ಬಸ್ಸು ಬಂದು ಹೋದ ಮೇಲೆ ಯಾರೋ ಛತ್ರಿ ಹಿಡಿದು ಕೆಸರಿನಲ್ಲಿ ನಡೆದು ಬರುತ್ತಿದ್ದರು. ಪ್ಯಾಂಟು ಮೊಣಕಾಲಿನವರೆಗೆ ಮಡಚಿತ್ತು. ಚಪ್ಪಲಿ ಕೈಯಲ್ಲಿತ್ತು. ಗೊಬ್ಬರದ ಅಂಗಡಿಯವರು ಇರಬೇಕು ಅಂದುಕೊಂಡೆ. ಅಂಗಳಕ್ಕೆ ಬಂದಾಗ ಕತ್ತಿನ ಶಿಲುಬೆ ನೋಡಿ ಎದೆ ಧಸಕ್ಕೆಂದಿತು.

ಒಳಗೆ ಮೂರು ಕಡೆ ಸೋರುತ್ತಿತ್ತು. ನನ್ನ ಹೆಂಡತಿ ಒಂದು ಕಡೆ ತಪ್ಪಲೆ, ಒಂದು ಕಡೆ ಬಕೆಟ್, ಮಂಚದ ಮೇಲೆ ಚೊಂಬು ಇಟ್ಟಿದ್ದಳು. ನಾಚಿಕೆಯಾಗಿ ಚೊಂಬು ಎತ್ತಲು ಹೋದಳು. ‘ಇರಲಿ ಬಿಡಮ್ಮ, ಮಂಚ ನೆನೆಯುತ್ತೆ’ ಎಂದು ಅವರು ಚೊಂಬಿನ ಪಕ್ಕದಲ್ಲೇ ಕೂತರು.

ಕಾಣಿಕೆ ಲೆಕ್ಕ ಕೇಳುತ್ತಾರೆ, ರಿಜಿಸ್ಟರ್ ಕೇಳುತ್ತಾರೆ ಎಂದು ಹೆದರಿದ್ದೆ. ಅವರು ಕೇಳಿದ ಮೊದಲ ಪ್ರಶ್ನೆ: ‘ನಿಮ್ಮ ಸಭೆಯಲ್ಲಿ ಹುಷಾರಿಲ್ಲದವರು ಯಾರ್ಯಾರು?’ ನನ್ನ ಹತ್ತಿರ ಒಂದು ಹಳೆಯ ನೋಟ್‌ಬುಕ್ ಇತ್ತು. ಮನೆ ಭೇಟಿಗೆ ಹೋದಾಗ ಅದರಲ್ಲಿ ಬರೆಯುತ್ತಿದ್ದೆ. ಓದಿದೆ. ಅವರು ಜೇಬಿನಿಂದ ಡೈರಿ ತೆಗೆದು ಪೆನ್ಸಿಲ್‌ನಲ್ಲಿ ಒಂದೊಂದೇ ಹೆಸರು ಬರೆದುಕೊಂಡರು. ಡೈರಿ ತೇವವಾಗಿತ್ತು, ಪೆನ್ಸಿಲ್ ಮೂಡುತ್ತಿರಲಿಲ್ಲ, ಒತ್ತಿ ಒತ್ತಿ ಬರೆದರು. ಎರಡನೇ ಪ್ರಶ್ನೆ ನನ್ನ ಹೆಂಡತಿಗೆ: ‘ನೀರು ಎಲ್ಲಿಂದ ತರ್ತೀರಮ್ಮ?’ ಮೂರನೆಯದು ನನಗೆ: ‘ನೀವು ನಿಮಗಾಗಿ ಪ್ರಾರ್ಥನೆ ಮಾಡೋದು ಯಾವಾಗ?’

ಮಗು ಹುಟ್ಟಿ ನಾಲ್ಕು ತಿಂಗಳಾಗಿತ್ತು. ಸಭೆಗಾಗಿ ಪ್ರಾರ್ಥಿಸುತ್ತಿದ್ದೆ, ಸತ್ತವರ ಮನೆಯಲ್ಲಿ ಪ್ರಾರ್ಥಿಸುತ್ತಿದ್ದೆ. ನನ್ನದು ಅಂತ ಒಂದು ಪ್ರಾರ್ಥನೆ ನಾಲ್ಕು ತಿಂಗಳಿಂದ ಬಾಯಿಗೆ ಬಂದಿರಲಿಲ್ಲ. ಬಿಷಪ್ ಮುಂದೆ ಇದನ್ನು ಹೇಳುವುದು ಹೇಗೆ? ಆದರೂ ಹೇಳಿಬಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ‘ಈ ಕೆಲಸಕ್ಕೆ ಬಂದ ಮೇಲೆ ನನಗೂ ಹಾಗೇ ಆಗಿದೆ’ ಅಂದರು. ಇಬ್ಬರೂ ಮಳೆಯ ಸದ್ದು ಕೇಳುತ್ತಾ ಕೂತೆವು. ಚೊಂಬು ತುಂಬಿತು. ಅವರೇ ಎತ್ತಿ ಹೊರಗೆ ಚೆಲ್ಲಿ ಬಂದು, ಮತ್ತೆ ಅದೇ ಜಾಗದಲ್ಲಿ ಇಟ್ಟರು.

ಮೂರು ವಾರ ಬಿಟ್ಟು ನಮ್ಮ ಸಭೆಯ ಒಬ್ಬ ಅಜ್ಜಿಗೆ ಪೋಸ್ಟ್ ಕಾರ್ಡ್ ಬಂತು. ಅಜ್ಜಿಗೆ ಕಣ್ಣು ಕಾಣುತ್ತಿರಲಿಲ್ಲ. ನಾನೇ ಓದಿದೆ. ನಾಲ್ಕೇ ಸಾಲು. ‘ನಿಮ್ಮ ಹೆಸರು ಹೇಳಿ ದಿನಾ ಪ್ರಾರ್ಥಿಸುತ್ತಿದ್ದೇನೆ’ ಎಂದಿತ್ತು. ಅಜ್ಜಿ ಅದನ್ನು ಸತ್ಯವೇದದ, ಅಂದರೆ ಬೈಬಲಿನ ಒಳಗೆ ಇಟ್ಟುಕೊಂಡಳು. ಮನೆಗೆ ಯಾರು ಬಂದರೂ ತೆಗೆದು ಓದಿಸುತ್ತಿದ್ದಳು. ಅವಳು ತೀರಿಕೊಂಡ ದಿನವೂ ಕಾರ್ಡು ಅಲ್ಲೇ ಇತ್ತು, ಮೂಲೆಗಳು ಬಟ್ಟೆಯ ಹಾಗೆ ಮೆತ್ತಗಾಗಿದ್ದವು.

ಆದ್ದರಿಂದ ತಮ್ಮಾ, ಮೊದಲ ಕೂಟಕ್ಕೆ ದೂರಿನ ಪಟ್ಟಿ ತೆಗೆದುಕೊಂಡು ಹೋಗಬೇಡ. ಎಲ್ಲರೂ ಪಟ್ಟಿ ತಂದರೆ ಅವರಿಗೆ ಯಾವುದೂ ನೆನಪಿರುವುದಿಲ್ಲ. ನಿನ್ನ ಸಭೆಯ ನೋಟ್‌ಬುಕ್ ತೆಗೆದುಕೊಂಡು ಹೋಗು. ಸಮಯ ಸಿಕ್ಕಾಗ ಹತ್ತಿರ ಹೋಗಿ ‘ನಮ್ಮ ಮನೆಗೆ ಯಾವಾಗ ಬರುತ್ತೀರಿ?’ ಎಂದು ಕೇಳು. ತಾರೀಖು ಕೊಡುವವರೆಗೆ ಅಲ್ಲೇ ನಿಲ್ಲು. ಹೇಳಬೇಕಾದ್ದು ತುಂಬಾ ಇದೆ ಅಂದೆಯಲ್ಲ, ಅದನ್ನು ನಿನ್ನ ಮನೆಯಲ್ಲಿ, ನಿನ್ನ ಮಂಚದ ಮೇಲೆ ಕೂರಿಸಿ ಹೇಳು.

ಇನ್ನೊಂದು ಮಾತು. ಕೂಟದ ಆರಂಭದಲ್ಲಿ ಕರ್ತನ ಭೋಜನ, ಅಂದರೆ ಯೇಸುವಿನ ನೆನಪಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಆರಾಧನೆ ಇದ್ದೇ ಇರುತ್ತದೆ. ಅದರಲ್ಲಿ ಸಮಾಧಾನ ಹಂಚುವ ಹೊತ್ತು ಬರುತ್ತದೆ. ಇದು 1950ರಿಂದ ನಮ್ಮ ಸಿಎಸ್‌ಐ ಆರಾಧನೆಯಲ್ಲಿರುವ ಒಂದು ಚಂದದ ಪದ್ಧತಿ. ಒಬ್ಬರ ಜೋಡಿಸಿದ ಕೈಯನ್ನು ಇನ್ನೊಬ್ಬರು ತಮ್ಮ ಎರಡು ಅಂಗೈಗಳ ನಡುವೆ ಹಿಡಿಯುವುದು. ಬಿಷಪ್ ಕೈಯಿಂದ ನಿನ್ನ ಕೈಗೆ ಸಮಾಧಾನ ಬಂದಾಗ ತಲೆ ತಗ್ಗಿಸಿ ಮುಂದೆ ಹೋಗಿಬಿಡಬೇಡ. ಅವರ ಮುಖ ನೋಡು. ಅವರೂ ಅವತ್ತು ಹೆದರಿರುತ್ತಾರೆ.

ಪ್ರಶ್ನೆ: ನಾವು ಹಿಂದೂಗಳು. ನಮ್ಮ ಬೀದಿಯ ಚರ್ಚ್‌ಗೆ ಬಿಷಪ್ ಬರುತ್ತಾರೆ ಎಂದು ದೊಡ್ಡ ಬ್ಯಾನರ್ ಹಾಕಿದ್ದಾರೆ. ಇವರು ಆಂಗ್ಲಿಕನ್ ಬಿಷಪ್ಪೋ, ಕ್ಯಾಥೊಲಿಕ್ ಬಿಷಪ್ಪೋ? ವ್ಯತ್ಯಾಸ ಏನು?
— ಶಿವಮೊಗ್ಗದ ಓದುಗರು

ಉತ್ತರ: ಕ್ಯಾಥೊಲಿಕ್ ಬಿಷಪ್‌ರನ್ನು ನೇಮಿಸುವುದು ರೋಮ್‌ನ ಪೋಪ್. ಅವರು ಮದುವೆಯಾಗುವುದಿಲ್ಲ. ಆಂಗ್ಲಿಕನ್ ಅಂದರೆ ಇಂಗ್ಲೆಂಡಿನ ಸಭೆಯಿಂದ ಹುಟ್ಟಿ ಲೋಕದ ಬೇರೆ ಬೇರೆ ಕಡೆ ಬೆಳೆದ ಸಭೆಗಳ ಕುಟುಂಬ. ಕ್ಯಾಂಟರ್ಬರಿಯ ಆರ್ಚ್‌ಬಿಷಪ್‌ಗೆ ಅಲ್ಲಿ ಹಿರಿಯಣ್ಣನ ಗೌರವ ಇದೆ, ಆದರೆ ನಮ್ಮ ಬಿಷಪ್‌ಗೆ ಆಜ್ಞೆ ಮಾಡುವ ಅಧಿಕಾರ ಇಲ್ಲ. ಈ ಬಿಷಪ್‌ಗಳು ಮದುವೆಯಾಗಬಹುದು. ಹಲವು ಕಡೆ ಹೆಂಗಸರೂ ಬಿಷಪ್ ಆಗಬಹುದು. ನಮ್ಮ ಸಿಎಸ್‌ಐಯಲ್ಲಿ 2013ರಲ್ಲಿ ಆಂಧ್ರದ ನಂದ್ಯಾಲಕ್ಕೆ ಪುಷ್ಪಲಲಿತಾ ಅವರು ಮೊದಲ ಮಹಿಳಾ ಬಿಷಪ್ ಆದರು.

ನಿಮ್ಮ ಬೀದಿಯ ಚರ್ಚು ಸಿಎಸ್‌ಐ ಆಗಿದ್ದರೆ ಇನ್ನೊಂದು ವಿಷಯ ತಿಳಿದಿರಲಿ. ಸಿಎಸ್‌ಐ ಆಂಗ್ಲಿಕನ್ ಕುಟುಂಬಕ್ಕೆ ಸೇರಿದ್ದು ನಿಜ, ಆದರೆ ಅದರ ಒಳಗೆ ಹಲವು ಹೊಳೆಗಳು ಕೂಡಿವೆ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಬಿಷಪ್ ಪೀಠ ಇರುವ ಚರ್ಚಾದ ಸೇಂಟ್ ಜಾರ್ಜ್ ಕ್ಯಾಥೆಡ್ರಲ್‌ನಲ್ಲಿ ಆಂಗ್ಲಿಕನ್ನರು, ಮೆಥೊಡಿಸ್ಟರು, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಸಭೆಗಳವರು, ಹೀಗೆ ಬೇರೆ ಬೇರೆ ಪ್ರೊಟೆಸ್ಟಂಟ್ ಪಂಗಡದವರು ಒಂದಾದರು. ಸ್ವಾತಂತ್ರ್ಯ ಬಂದು ಆರು ವಾರ ಆಗಿತ್ತು, ಅಷ್ಟೆ. ನಮ್ಮ ಮೈಸೂರು ಸೀಮೆಯ ಸಭೆಗಳಲ್ಲಿ ಜಾಸ್ತಿ ಮೆಥೊಡಿಸ್ಟರು. ಅವರಿಗೆ ಆವರೆಗೆ ಇದ್ದದ್ದು ಚೇರ್ಮನ್, ಬಿಷಪ್ ಅಲ್ಲ. ಮಂಗಳೂರು ಕಡೆ ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್‌ನವರಿಗೂ ಬಿಷಪ್ ಇರಲಿಲ್ಲ. ವೆಸ್ಲಿಯನ್, ಅಂದರೆ ಮೆಥೊಡಿಸ್ಟರ ಶಾಲೆಯ ಮೇಷ್ಟ್ರಾಗಿದ್ದ ನನ್ನ ತಾತನಿಗೆ ಆ ಪದವೇ ಆಗುತ್ತಿರಲಿಲ್ಲ. ‘ದೊರೆಗಳು ಹೋದರು ಅಂದುಕೊಂಡರೆ ಇನ್ನೊಬ್ಬ ದೊರೆ ಬಂದ’ ಎನ್ನುತ್ತಿದ್ದರಂತೆ.

ಅವರಂಥವರ ಅನುಮಾನ ಸುಮ್ನೆ ಅಲ್ಲ. ಒಂದಾಗುವ ಮಾತುಕತೆ 1919ರಿಂದ ಅಷ್ಟು ವರ್ಷ ಎಳೆದದ್ದಕ್ಕೆ ಬಿಷಪ್‌ನ ಅಧಿಕಾರ ಎಷ್ಟು ಎಂಬ ಪ್ರಶ್ನೆಯೂ ಒಂದು ಕಾರಣ. ಹೊಸ ಸಭೆ ಕಟ್ಟಿದವರು ಬಿಷಪ್‌ನ ಬಿರುದಿನಲ್ಲಿ ಒಂದು ಚಿಕ್ಕ ಬದಲಾವಣೆ ತಂದರು. ಬೇರೆ ಕಡೆ ‘ಇಂಥ ಊರಿನ ಬಿಷಪ್’ ಎನ್ನುತ್ತಾರೆ. ಸಿಎಸ್‌ಐಯಲ್ಲಿ ಇಂಗ್ಲಿಷಿನಲ್ಲಿ ಬರೆಯುವಾಗ ‘ಇಂಥ ಊರಿನಲ್ಲಿ ಬಿಷಪ್’ ಎಂದು ಬರೆಯುತ್ತಾರೆ. ಮೈಸೂರಿನಲ್ಲಿ ಬಿಷಪ್, ಮಧುರೆಯಲ್ಲಿ ಬಿಷಪ್. ಊರು ಅವರದ್ದಲ್ಲ. ಅವರು ಆ ಊರಿನಲ್ಲಿ ಇರುವವರು. ಆ ‘ಅಲ್ಲಿ’ ಎಂಬುದು ನನಗೆ ಬಹಳ ಇಷ್ಟ. ಮಳೆಯಲ್ಲಿ ಬಸ್ಸಿಳಿದು ಬಂದವರ ಬಗ್ಗೆ ಮೇಲೆ ಹೇಳಿದೆನಲ್ಲ, ಅವರು ನಮ್ಮ ಹಳ್ಳಿಯಲ್ಲಿ ಬಿಷಪ್ ಆಗಿದ್ದರು.

ಬ್ಯಾನರ್ ನೋಡಿ ಹೊರಗೇ ನಿಲ್ಲಬೇಡಿ. ಒಳಗೆ ಹೋಗಿ ಕೂರಿ. ಯಾರೂ ಏನೂ ಅನ್ನುವುದಿಲ್ಲ.

ಪ್ರಶ್ನೆ: ನನ್ನ ಯಜಮಾನರು ಸಭಾಪಾಲಕರು. ಹೊಸ ಬಿಷಪ್ ಬಂದರು ಅಂದರೆ ನಮ್ಮಂಥ ಮನೆಗಳಲ್ಲಿ ಮೊದಲ ಮಾತು ಟ್ರಾನ್ಸ್‌ಫರ್. ಮಗಳು ಈ ವರ್ಷ ಎಸ್‌ಎಸ್‌ಎಲ್‌ಸಿ. ಇವರು ಬಾಯಿ ಬಿಟ್ಟು ಏನನ್ನೂ ಕೇಳುವವರಲ್ಲ. ನಾನೇ ಬಿಷಪ್‌ಗೆ ಕಾಗದ ಬರೆಯಬಹುದಾ? ತಪ್ಪು ತಿಳಿಯುತ್ತಾರಾ?
— ಒಬ್ಬ ತಾಯಿ

ಉತ್ತರ: ಅಮ್ಮಾ, ಬರೆಯಿರಿ. ಇವತ್ತೇ ಬರೆಯಿರಿ.

ನಿಮ್ಮ ಕಾಗದ ಓದಿ ನಾನು ಎರಡು ದಿನ ಏನೂ ಬರೆಯಲಾಗದೆ ಕೂತಿದ್ದೆ. ನನ್ನ ಮನೆಯಲ್ಲೂ ಇದು ಆಗಿದೆ. ಯಾವ ವರ್ಷ, ಯಾರ ಕಾಲದಲ್ಲಿ ಎಂದು ಹೇಳುವುದಿಲ್ಲ. ಹೊಸ ಬಿಷಪ್ ಬಂದು ಕೆಲವೇ ತಿಂಗಳಿಗೆ ಆದೇಶ ಬಂತು. ನವೆಂಬರ್ ತಿಂಗಳು. ಮಗಳು ಹತ್ತನೇ ತರಗತಿ. ಅವಳ ಲ್ಯಾಬ್ ರೆಕಾರ್ಡ್ ಪುಸ್ತಕದಲ್ಲಿ ಅರ್ಧ ಚಿತ್ರಗಳು ಬಾಕಿ ಇದ್ದವು. ಲಾರಿಯಲ್ಲಿ ಸಾಮಾನು ತುಂಬುವಾಗ ಅವಳು ಆ ಪುಸ್ತಕವನ್ನು ಪೆಟ್ಟಿಗೆಗೆ ಹಾಕಲು ಬಿಡಲಿಲ್ಲ. ಮಡಿಲಲ್ಲಿ ಇಟ್ಟುಕೊಂಡು ಡ್ರೈವರ್ ಪಕ್ಕ ಕೂತು, ದಾರಿಯುದ್ದಕ್ಕೂ ಹೂವಿನ ಭಾಗಗಳ ಚಿತ್ರ ಬರೆಯಲು ನೋಡಿದಳು. ಲಾರಿ ಅಲ್ಲಾಡಿದಾಗೆಲ್ಲ ಗೆರೆ ಸೊಟ್ಟಗಾಗುತ್ತಿತ್ತು. ಅಳಿಸುತ್ತಿದ್ದಳು, ಮತ್ತೆ ಬರೆಯುತ್ತಿದ್ದಳು. ಒಂದು ಮಾತೂ ಆಡಲಿಲ್ಲ. ಹೊಸ ಊರಿನ ಶಾಲೆಯಲ್ಲಿ ಅವಳನ್ನು ಸೇರಿಸಿಕೊಳ್ಳಲು ಹೊತ್ತಾಯಿತು. ಕೊನೆಗೆ ಅವಳನ್ನು ಅಜ್ಜಿ ಮನೆಗೆ ಕಳಿಸಿದೆವು. ಆ ವರ್ಷ ಪೂರ್ತಿ ನನ್ನ ಹೆಂಡತಿ ಮೂರೇ ತಟ್ಟೆ ಹಾಕುವಾಗ ಒಂದು ಕ್ಷಣ ನಿಲ್ಲುತ್ತಿದ್ದಳು.

ಆದೇಶ ಕೊಟ್ಟವರು ಕೆಟ್ಟವರಾಗಿರಲಿಲ್ಲ. ಅವರಿಗೆ ನನ್ನ ಮಗಳು ಹತ್ತನೇ ತರಗತಿ ಎಂದು ಗೊತ್ತೇ ಇರಲಿಲ್ಲ. ಅವರು ಕೇಳಲಿಲ್ಲ. ಅದಕ್ಕಿಂತ ನೋವಿನ ಸಂಗತಿ, ನಾನೂ ಹೇಳಲಿಲ್ಲ. ಮೊದಲ ಕೂಟದಲ್ಲಿ ಎಲ್ಲರ ಜೊತೆ ಚಪ್ಪಾಳೆ ತಟ್ಟಿ ಊಟ ಮಾಡಿ ಬಂದಿದ್ದೆ. ಕರ್ತನ ಸೇವೆ, ಕಳಿಸಿದ ಕಡೆ ಹೋಗಬೇಕು ಎಂದು ದೊಡ್ಡ ಮಾತು ಆಡುತ್ತಿದ್ದೆ. ಕಳಿಸಿದ ಕಡೆ ಹೋಗಬೇಕು, ನಿಜ. ಸಭಾಪಾಲಕರಾಗಿ ದೀಕ್ಷೆ ಪಡೆದ ದಿನ ಅದಕ್ಕೇ ಒಪ್ಪಿಕೊಂಡು ಬಂದವರು ನಾವು. ಆದರೆ ಕಳಿಸುವವರಿಗೆ ಗೊತ್ತಿರಬೇಕಾದ್ದನ್ನು ತಿಳಿಸುವುದೂ ಅದೇ ಸೇವೆಯ ಭಾಗ ಎಂದು ನನಗೆ ಆಗ ಹೊಳೆಯಲಿಲ್ಲ. ಆ ಲಾರಿ ಈಗಲೂ ನನ್ನ ಕನಸಿನಲ್ಲಿ ಬರುತ್ತದೆ.

ಕಾಗದ ಒಂದು ಪುಟ ಸಾಕು. ಮಗಳು ಯಾವ ತರಗತಿ, ಪರೀಕ್ಷೆ ಯಾವಾಗ, ಮನೆಯಲ್ಲಿ ವಯಸ್ಸಾದವರು ಇದ್ದರೆ ಅವರ ಔಷಧಿ ಯಾವ ಆಸ್ಪತ್ರೆಯದು, ಇಷ್ಟು ಬರೆಯಿರಿ. ಬೇರೆ ಅಯ್ಯನವರ ಹೆಸರು ತರಬೇಡಿ. ‘ಟ್ರಾನ್ಸ್‌ಫರ್ ಬೇಡ’ ಎನ್ನಬೇಡಿ, ‘ಪರೀಕ್ಷೆ ಮುಗಿಯುವವರೆಗೆ ಇರಲು ಬಿಡಿ’ ಎನ್ನಿ. ಯಜಮಾನರಿಗೆ ತೋರಿಸಿಯೇ ಕಳಿಸಿ, ಅವರ ಬೆನ್ನ ಹಿಂದೆ ಬೇಡ. ಅವರ ಸಹಿಯೂ ಇದ್ದರೆ ಇನ್ನೂ ಒಳ್ಳೆಯದು. ಕಾಗದ ಬಿಷಪ್ ಕೈಗೇ ಹೋಗಲಿ. ಟ್ರಾನ್ಸ್‌ಫರ್ ನೋಡುವ ಮಿನಿಸ್ಟೀರಿಯಲ್ ಕಮಿಟಿಯ ಮೇಜಿಗೆ ಪಟ್ಟಿ ಬಂದ ಮೇಲೆ ಬರೆದರೆ ತಡವಾಗುತ್ತದೆ.

ಈ ಪತ್ರಿಕೆಯನ್ನು ಯಾರಾದರೂ ಹೊಸ ಬಿಷಪ್ ಓದುತ್ತಿದ್ದರೆ ಅವರಿಗೂ ಒಂದು ಬಿನ್ನಹ. ಅಯ್ಯನವರೇ, ನಿಮ್ಮ ಮೇಜಿನ ಮೇಲೆ ಎಲ್ಲ ಸಭಾಪಾಲಕರ ಫೈಲು ಇರುತ್ತದೆ. ಅದರ ಮೊದಲ ಹಾಳೆಯಲ್ಲಿ ಮಕ್ಕಳ ಹೆಸರು, ಅವರು ಓದುತ್ತಿರುವ ತರಗತಿ ಬರೆಸಿಡಿ. ಪ್ರತಿ ಜೂನ್‌ನಲ್ಲಿ ಅದನ್ನು ತಿದ್ದಿಸಿ.

ಪ್ರಶ್ನೆ: ಭಾರತೀಯರಲ್ಲಿ ಮೊದಲ ಆಂಗ್ಲಿಕನ್ ಬಿಷಪ್ ಯಾರು? ಅವರ ಕೈಕೆಳಗೆ ಇಂಗ್ಲಿಷ್ ಪಾದ್ರಿಗಳು ಕೆಲಸ ಮಾಡಲು ಒಪ್ಪಿದರಾ? ಕ್ಲಾಸಿನಲ್ಲಿ ಚರ್ಚೆ ಬಂತು.
— ಥಿಯಾಲಜಿ ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ವೇದನಾಯಗಂ ಸ್ಯಾಮುಯೆಲ್ ಅಜರಯ್ಯ. 1874ರಲ್ಲಿ ತಿರುನೆಲ್ವೇಲಿ ಸೀಮೆಯ ವೆಳ್ಳಾಳನ್‌ವಿಳೈ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆ ಹಳ್ಳಿ ಪಾದ್ರಿ. ಅಜರಯ್ಯ ವೈಎಂಸಿಎ ಎಂಬ ಕ್ರೈಸ್ತ ಯುವಕರ ಸಂಘದಲ್ಲಿ ಕೆಲಸ ಮಾಡಿದರು. ಆಮೇಲೆ ತಮ್ಮ ಭಾಷೆಯಲ್ಲದ ತೆಲುಗು ನಾಡಿಗೆ, ನಿಜಾಮರ ರಾಜ್ಯದ ದೋರ್ಣಕಲ್‌ಗೆ ಹೋದರು. ರೈಲು ಜಂಕ್ಷನ್ ಇದ್ದ ಸಣ್ಣ ಊರು. ತೆಲುಗು ಕಲಿತರು. 1912ರ ಡಿಸೆಂಬರ್ 29ರಂದು ಕಲ್ಕತ್ತೆಯ ಸೇಂಟ್ ಪಾಲ್ಸ್ ಕ್ಯಾಥೆಡ್ರಲ್‌ನಲ್ಲಿ ಬಿಷಪ್ ಆದರು. ಆಗ ವಯಸ್ಸು 38.

ನಿಮ್ಮ ಎರಡನೇ ಪ್ರಶ್ನೆಯೇ ದೊಡ್ಡದು. ಆಗಲೂ ಎಲ್ಲರೂ ಅದನ್ನೇ ಕೇಳಿದರು. ಬಿಳಿಯ ಪಾದ್ರಿಗಳು ಕಪ್ಪು ಬಿಷಪ್‌ನ ಮಾತು ಕೇಳುತ್ತಾರಾ ಎಂದು ತಡೆದವರು ಇದ್ದರು. ಅದಕ್ಕೇ ಮೊದಲಿಗೆ ಅವರಿಗೆ ಕೊಟ್ಟದ್ದು ಸಣ್ಣ ಪ್ರದೇಶ. ಜೊತೆಗೆ ಮದ್ರಾಸಿನ ಬಿಷಪ್ ಹೆನ್ರಿ ವೈಟ್‌ಹೆಡ್‌ಗೆ ಸಹಾಯಕ ಎಂಬ ಹೆಸರು. ವೈಟ್‌ಹೆಡ್ ಅವರೇ ಅಜರಯ್ಯನವರ ಪರವಾಗಿ ನಿಂತವರು. ಆಮೇಲೆ ಪ್ರದೇಶ ಹಿಗ್ಗಿತು. ಇಂಗ್ಲಿಷ್ ಮಿಷನರಿಗಳೂ ಅವರ ಕೆಳಗೆ ಬಂದರು, ಕೆಲಸ ನಡೆಯಿತು. ಅವರು ಬದುಕಿರುವವರೆಗೂ, ಅಂದರೆ 1945ರ ಜನವರಿ 1ರವರೆಗೂ, ಭಾರತದ ಆಂಗ್ಲಿಕನ್ ಸಭೆಯಲ್ಲಿ ಸ್ವಂತ ಡಯಾಸಿಸ್ ಇದ್ದ ಭಾರತೀಯ ಬಿಷಪ್ ಅವರೊಬ್ಬರೇ. 32 ವರ್ಷ ಒಬ್ಬರೇ. ಇದನ್ನು ಬರೆಯುವಾಗ ನನಗೆ ಹೆಮ್ಮೆಗಿಂತ ಸಂಕಟವೇ ಜಾಸ್ತಿ ಆಗುತ್ತದೆ.

ಬಿಷಪ್ ಆಗುವ ಎರಡು ವರ್ಷ ಮೊದಲು, 1910ರಲ್ಲಿ, ಎಡಿನ್‌ಬರೋದ ಮಿಷನರಿ ಸಮ್ಮೇಳನದಲ್ಲಿ ಅವರು ಮಾತಾಡಿದ್ದರು. ನೀವು ಬಡವರಿಗೆ ನಿಮ್ಮ ಆಸ್ತಿ ಕೊಟ್ಟಿರಿ, ನಿಮ್ಮ ದೇಹವನ್ನು ಸುಡಲು ಒಪ್ಪಿಸಿದಿರಿ, ನಾವು ಪ್ರೀತಿಯನ್ನೂ ಕೇಳುತ್ತೇವೆ, ನಮಗೆ ಸ್ನೇಹಿತರನ್ನು ಕೊಡಿ ಎಂದರು. ಬೈಬಲಿನಲ್ಲಿ ಪೌಲನು ಕೊರಿಂಥದವರಿಗೆ ಬರೆದ ಮಾತನ್ನೇ ಅವರ ಮುಂದೆ ಇಟ್ಟದ್ದು. ಬಿಳಿಯರೇ ತುಂಬಿದ್ದ ಸಭೆಯಲ್ಲಿ ಇದನ್ನು ಹೇಳಲು ಎಷ್ಟು ಧೈರ್ಯ ಬೇಕು, ಯೋಚಿಸಿ.

ಬಿಷಪ್ ಆದ ಮೇಲೆ ಆ ಮಾತನ್ನು ಅವರು ಮರೆಯಲಿಲ್ಲ ಎಂಬುದು ಅವರ ಕೆಲಸ ನೋಡಿದರೆ ಗೊತ್ತಾಗುತ್ತದೆ. ಎತ್ತಿನ ಗಾಡಿಯಲ್ಲಿ, ಸೈಕಲ್‌ನಲ್ಲಿ ಹಳ್ಳಿ ಹಳ್ಳಿ ಸುತ್ತಿದರು. ಜಾಸ್ತಿ ಜನ ದಲಿತರು, ಹೊಸದಾಗಿ ದೀಕ್ಷಾಸ್ನಾನ ಪಡೆದವರು. ಅವರ ಮಕ್ಕಳಲ್ಲೇ ಪಾದ್ರಿಗಳನ್ನು ತಯಾರು ಮಾಡಲು ದೋರ್ಣಕಲ್‌ನಲ್ಲೇ ಶಾಲೆ ನಡೆಸಿದರು. ಕೈಬೆರಳಲ್ಲಿ ಎಣಿಸುವಷ್ಟಿದ್ದ ಭಾರತೀಯ ಪಾದ್ರಿಗಳು ಅವರ ಕಾಲದಲ್ಲೇ ನೂರು ದಾಟಿದರು. ಅಲ್ಲಿನ ಎಪಿಫನಿ ಕ್ಯಾಥೆಡ್ರಲ್ ಪ್ರತಿಷ್ಠೆಯಾದದ್ದು 1939ರಲ್ಲಿ, ಬಿಷಪ್ ಆಗಿ 26 ವರ್ಷಗಳ ಮೇಲೆ. ಮೊದಲು ಜನ, ಮೊದಲು ಪಾದ್ರಿಗಳು, ಕಟ್ಟಡ ಆಮೇಲೆ. ನಿಮ್ಮ ಕ್ಲಾಸಿನ ಚರ್ಚೆಯಲ್ಲಿ ಈ ಕ್ರಮವನ್ನು ಹೇಳಿ. ನನ್ನ ಮಟ್ಟಿಗೆ ಹೊಸ ಬಿಷಪ್ ಒಬ್ಬರು ಅಜರಯ್ಯನವರಿಂದ ಕಲಿಯಬೇಕಾದ್ದು ಇದೇ.

ದಕ್ಷಿಣ ಭಾರತದ ಸಭೆಗಳು ಒಂದಾಗಲಿ ಎಂದು 1919ರಲ್ಲಿ ತಮಿಳು ನಾಡಿನ ತರಂಗಂಬಾಡಿಯಲ್ಲಿ ನಡೆದ ಕೂಟದಿಂದ ದುಡಿದವರಲ್ಲಿ ಅವರೂ ಒಬ್ಬರು. ಸಿಎಸ್‌ಐ ಹುಟ್ಟುವುದನ್ನು ನೋಡಲು ಅವರಿರಲಿಲ್ಲ.

ಪ್ರಶ್ನೆ: ನಾನು ಇಂಗ್ಲೆಂಡಿನಲ್ಲಿ ನರ್ಸ್. ಇಲ್ಲಿನ ಡಯಾಸಿಸ್‌ಗೆ ಹೊಸ ಬಿಷಪ್ ಬಂದ ದಿನ ಕ್ಯಾಥೆಡ್ರಲ್‌ಗೆ ಹೋಗಿದ್ದೆ. ಬಾಗಿಲು ಮುಚ್ಚಿತ್ತು. ಬಿಷಪ್ ತಮ್ಮ ಕೋಲಿನಿಂದ ಮೂರು ಸಲ ಬಡಿದರು. ಆಮೇಲೆ ತೆಗೆದರು. ಅವರದ್ದೇ ಚರ್ಚು ಅಲ್ವಾ, ಯಾಕೆ ಬಡಿಯಬೇಕು?
— ಹಾಸನದವರು, ಈಗ ಇಂಗ್ಲೆಂಡ್

ಉತ್ತರ: ಒಳ್ಳೆಯದನ್ನೇ ಗಮನಿಸಿದ್ದೀರಿ. ಅಲ್ಲಿ ಕ್ಯಾಥೆಡ್ರಲ್ ನಡೆಸುವವರು ಡೀನ್ ಮತ್ತು ಅವರ ಜೊತೆಯ ಪಾದ್ರಿಗಳು. ಬಿಷಪ್‌ನ ಪೀಠ ಒಳಗಿದೆ, ಆದರೆ ಮನೆ ನೋಡಿಕೊಳ್ಳುವವರು ಬೇರೆ. ಹಾಗಾಗಿ ಹೊಸಬರು ಹೊರಗೆ ನಿಂತು ಬಾಗಿಲು ಬಡಿದು ಒಳಗೆ ಬರಲು ಕೇಳುತ್ತಾರೆ. ಆಮೇಲೆ ಪಾದ್ರಿಗಳೇ ಕರೆದುಕೊಂಡು ಹೋಗಿ ಪೀಠದಲ್ಲಿ ಕೂರಿಸುತ್ತಾರೆ.

ಇನ್ನೊಂದನ್ನೂ ನೀವು ಅಲ್ಲಿ ನೋಡಬಹುದು. ಒಬ್ಬ ಪಾದ್ರಿಗೆ ಒಂದು ಸಭೆಯನ್ನು ಒಪ್ಪಿಸುವಾಗ ಬಿಷಪ್ ಆ ಪಾದ್ರಿಯ ಕೈಗೆ ಪತ್ರ ಕೊಟ್ಟು ಒಂದು ಮಾತು ಹೇಳುತ್ತಾರೆ. ಈ ಆತ್ಮಗಳ ಆರೈಕೆಯನ್ನು ಸ್ವೀಕರಿಸು, ಇದು ನಿನ್ನದೂ ಹೌದು, ನನ್ನದೂ ಹೌದು ಎಂದು ಅದರ ಅರ್ಥ. ‘ನಿನಗೆ ಕೊಟ್ಟೆ, ಇನ್ನು ನೀನುಂಟು ನಿನ್ನ ಸಭೆಯುಂಟು’ ಎಂದಲ್ಲ. ‘ನನ್ನದು, ನೀನು ನನ್ನ ಆಳು’ ಎಂದೂ ಅಲ್ಲ. ನಾನು ಈ ಮಾತನ್ನು ಮೊದಲ ಸಲ ಓದಿದಾಗ 1986ರ ಆ ತೇವದ ಡೈರಿ ನೆನಪಾಯಿತು. ನನ್ನ ನೋಟ್‌ಬುಕ್‌ನಲ್ಲಿದ್ದ ಹೆಸರುಗಳು ಅವರ ಡೈರಿಗೆ ಹೋದವಲ್ಲ, ಅದೇ ಇದು.

ನೀವು ನರ್ಸ್ ಎಂದು ಬರೆದಿದ್ದೀರಿ. 2025ರ ಅಕ್ಟೋಬರ್‌ನಲ್ಲಿ ಕ್ಯಾಂಟರ್ಬರಿಯ ಮುಂದಿನ ಆರ್ಚ್‌ಬಿಷಪ್ ಎಂದು ಹೆಸರಿಸಿದ ಸಾರಾ ಮುಲ್ಲಾಲಿ ಕೂಡ ನರ್ಸ್ ಆಗಿದ್ದವರು. ಇಡೀ ಇಂಗ್ಲೆಂಡಿನ ಮುಖ್ಯ ನರ್ಸಿಂಗ್ ಅಧಿಕಾರಿಯಾಗಿದ್ದರು. ರಾತ್ರಿ ಪಾಳಿ ಮುಗಿಸಿ ಬಂದು ನೀವು ಈ ಕಾಗದ ಬರೆದಿದ್ದೀರಂತೆ. ದೇವರು ನಿಮ್ಮ ಕೈಗಳನ್ನು ಆಶೀರ್ವದಿಸಲಿ.

ಪ್ರಶ್ನೆ: ಹೊಸ ಬಿಷಪ್ ಮೊದಲ ಸಲ ನಮ್ಮ ಸಭೆಗೆ ದೃಢೀಕರಣ ಆರಾಧನೆಗೆ, ಅಂದರೆ ದೀಕ್ಷಾಸ್ನಾನವಾದವರ ನಂಬಿಕೆಯನ್ನು ಬಿಷಪ್ ತಲೆಯ ಮೇಲೆ ಕೈಯಿಟ್ಟು ದೃಢಪಡಿಸುವ ಆರಾಧನೆಗೆ ಬರುತ್ತಾರೆ. ಸ್ತ್ರೀಯರ ಸಂಘಕ್ಕೆ ಅಡುಗೆ ಒಪ್ಪಿಸಿದ್ದಾರೆ. ಬಿರಿಯಾನಿ ಮಾಡಿಸೋಣ, ಬೆಳ್ಳಿ ತಟ್ಟೆ ಕೊಡೋಣ ಎಂದು ಕೆಲವರು. ಏನು ಮಾಡಿದರೆ ಚೆನ್ನ?
— ಸ್ತ್ರೀಯರ ಸಂಘದ ಕಾರ್ಯದರ್ಶಿ

ಉತ್ತರ: ಬೆಳ್ಳಿ ತಟ್ಟೆ ಬೇಡ. ಆ ದುಡ್ಡಿನಲ್ಲಿ ಅಯ್ಯನವರಿಗೆ ಸಹಾಯಕರಾದ ನಿಮ್ಮ ಉಪದೇಶಿಯ ಮನೆಗೆ ಏನು ಬೇಕೆಂದು ಕೇಳಿ ಕೊಡಿಸಿ. ಬಿಷಪ್ ಬಂದಾಗ ಅದನ್ನು ಅವರ ಕೈಯಿಂದಲೇ ಕೊಡಿಸಬಹುದು.

ಬಿರಿಯಾನಿ ಮಾಡಬಹುದು, ಮಕ್ಕಳಿಗೆ ಖುಷಿ. ಆದರೆ ಬಿಷಪ್ ಆ ತಿಂಗಳು ಹೋದಲ್ಲೆಲ್ಲ ಬಿರಿಯಾನಿ ತಿಂದಿರುತ್ತಾರೆ. ಒಂದು ಮುದ್ದೆ, ಅವರೆಕಾಳು ಸಾರು, ಮಜ್ಜಿಗೆ ಬೇರೆ ಇಟ್ಟಿರಿ. ಸಕ್ಕರೆ ಕಾಯಿಲೆ ಇದೆಯಾ ಎಂದು ಅವರ ಮನೆಯವರಿಗೆ ಫೋನ್ ಮಾಡಿ ಮೊದಲೇ ಕೇಳಿಕೊಳ್ಳಿ. ಡ್ರೈವರ್‌ಗೂ ಅದೇ ಪಂಕ್ತಿಯಲ್ಲಿ ಎಲೆ ಹಾಕಿ.

ಮುಖ್ಯವಾದದ್ದು ಊಟಕ್ಕೆ ಮೊದಲು. ಆರಾಧನೆ ಮುಗಿದ ತಕ್ಷಣ ಫೋಟೋ, ಶಾಲು, ಮನವಿ ಪತ್ರ ಎಂದು ಎಲ್ಲರೂ ಮುತ್ತಿಕೊಳ್ಳುತ್ತಾರೆ. ಬಿಷಪ್ ಮತ್ತು ನಿಮ್ಮ ಅಯ್ಯನವರು ಒಂದು ಮಾತೂ ಆಡದೆ ದಿನ ಮುಗಿದುಹೋಗುತ್ತದೆ. ಹಾಗಾಗದಂತೆ ನೀವು ನೋಡಿಕೊಳ್ಳಿ. ಇಬ್ಬರನ್ನೂ ಅಯ್ಯನವರ ಮನೆಯೊಳಗೆ ಕಳಿಸಿ, ಎರಡು ಲೋಟ ಕಾಫಿ ಕೊಟ್ಟು, ಬಾಗಿಲು ಮುಂದೆ ಮಾಡಿ. ಅರ್ಧ ಗಂಟೆ ಯಾರನ್ನೂ ಬಿಡಬೇಡಿ, ಕಮಿಟಿಯವರು ಬಂದರೂ ಬಿಡಬೇಡಿ. ನಿಮ್ಮ ಸಂಘದಲ್ಲಿ ಗಟ್ಟಿ ದನಿಯವರು ಯಾರಾದರೂ ಇದ್ದೇ ಇರುತ್ತಾರೆ. ಅವರನ್ನು ಒಂದು ಕುರ್ಚಿ ಹಾಕಿ ಹೊರಗೆ ಕೂರಿಸಿ.